ಬ್ಯಾಗಿನ ರೇಟಲ್ಲಿ ಹೊಲಿಗೆ ಎಷ್ಟು, ಕಾಯಿಸೋದು ಎಷ್ಟು?

2025ರ ಜುಲೈ 10ರಂದು ಪ್ಯಾರಿಸ್‌ನಲ್ಲಿ ಸೋಥೆಬೀಸ್‌ನವರು ಒಂದು ಹಳೇ ಕರಿ ಲೆದರ್ ಬ್ಯಾಗ್ ಹರಾಜಿಗಿಟ್ರು. 10 ಲಕ್ಷ ಯೂರೋಯಿಂದ ಕೂಗು ಶುರುವಾಗಿ ಹತ್ತು ನಿಮಿಷ ಜಗ್ಗಾಡಿ, ಕಮಿಷನ್ ಎಲ್ಲಾ ಸೇರಿ ಸುಮಾರು 86 ಲಕ್ಷ ಯೂರೋಗೆ ಜಪಾನಿನ ಸಂಗ್ರಾಹಕರೊಬ್ಬರ ಕೈ ಸೇರ್ತು, ಡಾಲರ್ ಲೆಕ್ಕದಲ್ಲಿ ಹತ್ರ ಹತ್ರ ಒಂದು ಕೋಟಿ. ಫ್ರಾನ್ಸಿನ ಹರ್ಮೆಸ್ ಕಂಪನಿಯ ಮೊಟ್ಟಮೊದಲ ಬರ್ಕಿನ್ ಬ್ಯಾಗ್ ಅದು, ನಟಿ-ಗಾಯಕಿ ಜೇನ್ ಬರ್ಕಿನ್‌ಗೋಸ್ಕರ ಮಾಡಿದ್ದು. ಸುದ್ದಿ ಬಂದಾಗ ನನ್ನ ಕಿವಿಗೆ ಬಿದ್ದಿದ್ದು ಎರಡೇ ಥರದ ಮಾತು, ದುಡ್ಡಿದ್ದೋರ ಹುಚ್ಚು ಅಂತ ಒಬ್ರು, ಎಲ್ಲಾ ಮಾರ್ಕೆಟಿಂಗ್ ಅಂತ ಇನ್ನೊಬ್ರು. ನನಗೆ ಎರಡೂ ಪೂರ್ತಿ ಒಪ್ಪಿಗೆ ಆಗ್ಲಿಲ್ಲ. ಈ ಕಂಪನಿಯ ಬ್ಯಾಗಿನ ಬೆಲೇಲಿ ಎರಡು ಬೇರೆ ಬೇರೆ ಸಂಗತಿ ಸೇರ್ಕೊಂಡಿದೆ, ಒಂದು ಕೈಕೆಲಸಕ್ಕೆ ಹಿಡಿಯೋ ಟೈಮು, ಇನ್ನೊಂದು ಅಂಗಡೀಲಿ ಗಿರಾಕೀನ ಕಾಯಿಸೋ ಪದ್ಧತಿ. ಮೊದಲನೇದು ಅಪ್ಪಟ ನಿಜ, ಎರಡನೇದು ಅದರ ಹೆಗಲ ಮೇಲೆ ಹತ್ತಿ ಕೂತಿದೆ. ಎರಡನ್ನೂ ಬಿಡಿಸಿ ನೋಡಿದ್ರೆ ಈ ಬ್ರ್ಯಾಂಡು ಯಾಕೆ ಇಷ್ಟು ಜನರನ್ನ ಹಿಡ್ಕೊಂಡಿದೆ ಅನ್ನೋದು ಸ್ವಲ್ಪ ಅರ್ಥ ಆಗತ್ತೆ.

ಹೆಸರಿನ ವಿಚಾರ ಒಂದು ಮಾತು, ಫ್ರೆಂಚರು ಎರ್ಮೆಸ್ ಅಂತಾರೆ, ಮೊದಲ ಹ ಅವರ ಬಾಯಲ್ಲಿ ಬರಲ್ಲ. ನಾವು ಓದ್ಕೊಂಡು ಬಂದಿರೋದು ಹರ್ಮೆಸ್ ಅಂತಲೇ, ಹಾಗೇ ಬರೀತೀನಿ.

ಮೊದಲು ಹೊಲಿಗೆ. ಇದನ್ನ ಸ್ಯಾಡಲ್ ಸ್ಟಿಚ್ ಅಂತಾರೆ, ಕುದುರೆ ಜೀನು ಹೊಲಿಯೋ ಹೊಲಿಗೆ. ಒಂದೇ ಉದ್ದನೆ ಲಿನನ್ ದಾರ, ಅದಕ್ಕೆ ಜೇನುಮೇಣ ಉಜ್ಜಿರ್ತಾರೆ, ಎರಡು ತುದಿಗೂ ಒಂದೊಂದು ಸೂಜಿ. ಮರದ ದೊಡ್ಡ ಇಕ್ಕಳ ಒಂದನ್ನ ಎರಡು ಮಂಡಿ ಮಧ್ಯ ಒತ್ತಿಹಿಡ್ಕೊಂಡು ಅದರ ಬಾಯಲ್ಲಿ ಲೆದರ್ ಸಿಗಿಸಿ, ಆರಿಯಿಂದ ಓರೆಯಾಗಿ ತೂತು ಕೊರೆದು, ಬಲಗೈ ಸೂಜಿ ಆ ಕಡೆಯಿಂದ, ಎಡಗೈ ಸೂಜಿ ಈ ಕಡೆಯಿಂದ, ಎರಡನ್ನೂ ಅದೇ ತೂತಲ್ಲಿ ದಾಟಿಸಿ ಎರಡು ಕೈಯನ್ನೂ ಪಕ್ಕಕ್ಕೆ ಚಾಚಿ ಜಗ್ಗಬೇಕು. ಆಮೇಲೆ ಮುಂದಿನ ತೂತು. ಮಿಷಿನ್ ಹೊಲಿಗೇಲಿ ಮೇಲೊಂದು ದಾರ ಕೆಳಗೊಂದು ದಾರ, ಎರಡೂ ಮಧ್ಯದಲ್ಲಿ ಕೊಂಡಿ ಹಾಕ್ಕೊಂಡಿರ್ತವೆ ಅಷ್ಟೇ, ಒಂದು ಕಡೆ ಕಿತ್ರೆ ಪಕ್ಕದ ಹೊಲಿಗೇನೂ ಸಡಿಲ ಆಗ್ತಾ ಬಿಚ್ಕೊಂಡು ಹೋಗತ್ತೆ. ಇಲ್ಲಿ ಹಾಗಾಗಲ್ಲ, ಒಂದು ಹೊಲಿಗೆ ಸವೆದು ಕಿತ್ರೂ ಪಕ್ಕದ್ದು ತನ್ನ ಪಾಡಿಗೆ ಬಿಗಿಯಾಗಿ ಕೂತಿರತ್ತೆ, ಯಾಕಂದ್ರೆ ಪ್ರತಿ ತೂತಲ್ಲೂ ದಾರ ಎರಡು ಸಲ ಹಾದುಹೋಗಿದೆ. ಇದನ್ನ ನಾನು ಓದಿ ನಂಬಿದ್ದಲ್ಲ, ಒಂದು ಚೂರು ದಪ್ಪ ಲೆದರ್ ತಗೊಂಡು ಎರಡು ಸೂಜಿ ಹಿಡ್ಕೊಂಡು ಕೂತು ನೋಡಿದೀನಿ. ಒಂದು ಗೇಣು ಹೊಲಿಯೋಕೆ ಒಂದು ಗಂಟೆ ಮೇಲಾಯ್ತು, ದಾರ ಜಗ್ಗಿ ಜಗ್ಗಿ ಕಿರುಬೆರಳಿನ ಪಕ್ಕ ಕೆಂಪು ಗೆರೆ ಬಿತ್ತು, ಆದ್ರೂ ಹೊಲಿಗೆ ಒಂದೇ ಓರೆಯಲ್ಲಿ ಬರ್ಲಿಲ್ಲ, ಕೆಲವು ನೆಟ್ಟಗೆ ನಿಂತ್ವು ಕೆಲವು ಮಲಗಿಬಿಟ್ವು. ಆಮೇಲೆ ಮಧ್ಯದ ಒಂದು ಹೊಲಿಗೇನ ಬ್ಲೇಡಲ್ಲಿ ಕತ್ತರಿಸಿ ಎರಡೂ ಕಡೆ ಎಳೆದೆ, ಪಕ್ಕದವು ಅಲ್ಲಾಡಲಿಲ್ಲ. ಆ ಒಂದು ಗಂಟೆ ಆದ್ಮೇಲೆ ಒಳ್ಳೆ ಲೆದರ್ ಸಾಮಾನು ಕೈಗೆ ಸಿಕ್ಕಿದ್ರೆ ಮೊದಲು ಅದರ ಹೊಲಿಗೆ ಓರೇನೇ ನೋಡ್ತೀನಿ.

ಈ ಹೊಲಿಗೆ ಬ್ಯಾಗಿಗೆ ಬಂದಿದ್ದು ಕುದುರೆಯಿಂದ. ತಿಯೆರಿ ಹರ್ಮೆಸ್ ಹುಟ್ಟಿದ್ದು 1801ರಲ್ಲಿ, ಕ್ರೇಫೆಲ್ಡ್ ಊರಲ್ಲಿ, ಈಗ ಅದು ಜರ್ಮನಿ, ಆಗ ಫ್ರೆಂಚರ ಆಳ್ವಿಕೆ. ಚಿಕ್ಕ ವಯಸ್ಸಲ್ಲೇ ಅಪ್ಪ ಅಮ್ಮನ್ನ ಕಳ್ಕೊಂಡು ಫ್ರಾನ್ಸಿಗೆ ಬಂದು ಕೆಲಸ ಕಲಿತು 1837ರಲ್ಲಿ ಪ್ಯಾರಿಸ್‌ನಲ್ಲಿ ಸ್ವಂತ ವರ್ಕ್‌ಶಾಪ್ ಹಾಕಿದ್ರು, ಕುದುರೆಗಾಡಿಗೆ ಬೇಕಾದ ಪಟ್ಟಿ, ಲಗಾಮು, ಕೊರಳಪಟ್ಟಿ ಮಾಡೋದು. ಓಡ್ತಿರೋ ಗಾಡೀಲಿ ಒಂದು ಪಟ್ಟಿ ಕಿತ್ರೆ ಏನಾಗತ್ತೆ ಯೋಚಿಸಿ. ಕುದುರೆ ಒಂದು ದಿಕ್ಕು, ಗಾಡಿ ಒಂದು ದಿಕ್ಕು, ಒಳಗೆ ಕೂತಿರೋರ ಪ್ರಾಣಕ್ಕೇ ಕುತ್ತು. ಹಾಗಾಗಿ ಈ ಕಸುಬಿನಲ್ಲಿ ಗಟ್ಟಿತನ ಅನ್ನೋದು ಶೋಕಿಗೆ ಸೇರಿದ ಗುಣ ಆಗಿರ್ಲಿಲ್ಲ, ಅದಿಲ್ಲದಿದ್ರೆ ವ್ಯಾಪಾರಾನೇ ಇಲ್ಲ. 1867ರ ಪ್ಯಾರಿಸ್ ಮಹಾ ವಸ್ತುಪ್ರದರ್ಶನದಲ್ಲಿ ತಿಯೆರಿ ಅವರ ಕೆಲಸಕ್ಕೆ ಮೊದಲ ದರ್ಜೆ ಪದಕ ಸಿಕ್ತು. ಅವರು 1878ರಲ್ಲಿ ತೀರ್ಕೊಂಡ್ರು, ಮಗ ಶಾರ್ಲ್ ಎಮಿಲ್ 1880ರಲ್ಲಿ ಅಂಗಡೀನ ಫೋಬುರ್ ಸೇಂಟ್ ಒನೊರೆ ಬೀದಿಯ 24ನೇ ನಂಬರಿಗೆ ತಂದ್ರು, ಜೀನು ಮಾಡೋದೂ ಶುರುಮಾಡಿದ್ರು. ಕಂಪನಿಯ ಮುಖ್ಯ ಅಂಗಡಿ ಇವತ್ತಿಗೂ ಅದೇ ಜಾಗದಲ್ಲಿದೆ.

ಆಮೇಲೆ ಕಾರು ಬಂತು. ಕುದುರೆ ನಂಬ್ಕೊಂಡಿದ್ದ ಕಸುಬುಗಳೆಲ್ಲಾ ಒಂದೊಂದಾಗಿ ಮುಚ್ಕೊಂಡು ಹೋದ ಕಾಲ ಅದು, ಹರ್ಮೆಸ್ ಕೂಡ ಹಾಗೇ ಕಣ್ಮರೆ ಆಗಬಹುದಿತ್ತು. ಮೂರನೇ ತಲೆಮಾರಿನ ಎಮಿಲ್ ಮೋರಿಸ್ ಹರ್ಮೆಸ್ ಇಲ್ಲಿ ಬರ್ತಾರೆ, ನನ್ನ ಪ್ರಕಾರ ಈ ಇಡೀ ಕಥೇಲಿ ಎಲ್ಲರಿಗಿಂತ ದೂರ ನೋಡಿದೋರು ಇವರೇ. ಮೊದಲ ಮಹಾಯುದ್ಧದ ಸಮಯದಲ್ಲಿ ಉತ್ತರ ಅಮೆರಿಕಕ್ಕೆ ಹೋಗಿದ್ದಾಗ ಅಲ್ಲಿ ಕಾರಿನ ಹುಡ್ ಮುಚ್ಚೋಕೆ ಜಿಪ್ ಬಳಸ್ತಿದ್ದನ್ನ ನೋಡಿ, ಫ್ರಾನ್ಸಿನಲ್ಲಿ ಅದನ್ನ ಬಳಸೋ ಹಕ್ಕು ತಾವೇ ತಗೊಂಡ್ರು, ಫ್ರಾನ್ಸಲ್ಲಿ ಸ್ವಲ್ಪ ಕಾಲ ಜಿಪ್ಪಿಗೆ ಹರ್ಮೆಸ್ ಹೆಸರೇ ಅಂಟಿಕೊಂಡಿತ್ತು. ಜನ ಇನ್ಮುಂದೆ ಕುದುರೆ ಮೇಲೆ ಹೋಗಲ್ಲ, ಕಾರಲ್ಲಿ ಟ್ರೇನಲ್ಲಿ ಹೋಗ್ತಾರೆ, ಆದ್ರೆ ಸಾಮಾನಂತೂ ಹೊತ್ಕೊಂಡೇ ಹೋಗ್ಬೇಕಲ್ಲ, ಅದಕ್ಕೆ ಬ್ಯಾಗ್ ಬೇಕು. ಜೀನು ಮತ್ತೆ ಬೂಟು ಒಯ್ಯೋಕೆ ಅಂತ 1900ರ ಸುಮಾರಿಗೆ ಮಾಡಿದ್ದ ಒಂದು ಎತ್ತರದ ಚೀಲ ಮೊದಲೇ ಇತ್ತು, ಮುಂದೆ ಬಂದ ಬರ್ಕಿನ್ನಿನ ಅಜ್ಜ ಅದು. ಹೀಗೆ ಕುದುರೆ ಹೋಯ್ತು, ಕುದುರೆಯ ಹೊಲಿಗೆ ಉಳ್ಕೊಂಡಿತು. ಕಾಲ ಬದಲಾದಾಗ ಮಾರೋ ವಸ್ತುವನ್ನ ಬಿಟ್ಟು ಕೈಯಲ್ಲಿರೋ ವಿದ್ಯೇನ ಹಿಡ್ಕೊಳ್ಳೋದು ಸಣ್ಣ ತೀರ್ಮಾನ ಅಲ್ಲವೇ ಅಲ್ಲ.

ಕೆಲಿ ಬ್ಯಾಗಿನ ಕಥೆ ಬಹಳ ಜನಕ್ಕೆ ಗೊತ್ತು, ಬೇಗ ಹೇಳಿ ಮುಗಿಸ್ತೀನಿ. ಎಮಿಲ್ ಅವರ ಅಳಿಯ ರಾಬರ್ಟ್ ದ್ಯುಮಾ 1930ರ ದಶಕದಲ್ಲಿ ಮಾಡಿದ ಗಟ್ಟಿ ಆಕಾರದ ಬ್ಯಾಗ್ ಅದು. ಹಾಲಿವುಡ್ ಬಿಟ್ಟು ಮೊನಾಕೋದ ರಾಜಕುಮಾರಿ ಆಗಿದ್ದ ಗ್ರೇಸ್ ಕೆಲಿ 1956ರಲ್ಲಿ ಬಸುರಿಯಾಗಿದ್ದಾಗ ಫೋಟೋದವರ ಕಣ್ಣಿಗೆ ಹೊಟ್ಟೆ ಕಾಣದ ಹಾಗೆ ಇದೇ ಬ್ಯಾಗ್ ಅಡ್ಡ ಹಿಡ್ಕೊಂಡ್ರು, ಆ ಚಿತ್ರ ಊರೆಲ್ಲಾ ಹಬ್ಬಿತು, ಕಂಪನಿ ಅಧಿಕೃತವಾಗಿ ಆ ಹೆಸರಿಟ್ಟಿದ್ದು ಮಾತ್ರ 1977ರಲ್ಲಿ. ಕಿತ್ತಳೆ ಬಣ್ಣದ ಡಬ್ಬ ಕೂಡ ಹಾಗೇ ಬಂದಿದ್ದು, ಎರಡನೇ ಮಹಾಯುದ್ಧದಲ್ಲಿ ರಟ್ಟಿಗೆ ಬರ ಬಂದಾಗ ಸಿಕ್ಕಿದ್ದು ಆ ಬಣ್ಣದ ರಟ್ಟು, ಅದನ್ನೇ ತಗೊಂಡ್ರು, ಈಗ ಖಾಲಿ ಡಬ್ಬಾನೂ ದುಡ್ಡು ಕೊಟ್ಟು ಕೊಳ್ಳೋರಿದಾರೆ.

ಬರ್ಕಿನ್ ಹುಟ್ಟಿದ್ದು ವಿಮಾನದಲ್ಲಿ. 1980ರ ದಶಕದ ಮೊದಲ ವರ್ಷಗಳು, ಪ್ಯಾರಿಸ್‌ನಿಂದ ಲಂಡನ್ನಿಗೆ ಹೋಗೋ ವಿಮಾನ, ಆಗ ಹರ್ಮೆಸ್ ನಡೆಸ್ತಿದ್ದ ಜಾನ್ ಲೂಯಿ ದ್ಯುಮಾ ಅವರ ಪಕ್ಕದ ಸೀಟಲ್ಲಿ ಜೇನ್ ಬರ್ಕಿನ್. ಎಲ್ಲಿ ಹೋದ್ರೂ ಬೆತ್ತದ ಬುಟ್ಟಿ ಹಿಡ್ಕೊಂಡು ಓಡಾಡ್ತಿದ್ದ ಆಕೆ, ತಾಯಿ ಆದೋಳಿಗೆ ಬೇಕಾದ ಸಾಮಾನೆಲ್ಲಾ ಹಿಡಿಸೋ ಒಂದು ಒಳ್ಳೆ ಬ್ಯಾಗೇ ಸಿಗಲ್ಲ ಅಂತ ಹೇಳ್ಕೊಂಡ್ರು, ವಾಂತಿ ಚೀಲ ಸಿಕ್ತು, ಅದರ ಮೇಲೇ ಬ್ಯಾಗಿನ ಚಿತ್ರ ಮೂಡಿತು. 1984-85ರ ಹೊತ್ತಿಗೆ ಬ್ಯಾಗ್ ತಯಾರಾಯ್ತು. ಇಲ್ಲಿ ಗಮನಿಸಬೇಕಾದ್ದು ಏನಂದ್ರೆ ಆಕೆ ಕೇಳಿದ್ದು ಶ್ರೀಮಂತಿಕೆ ತೋರಿಸೋ ವಸ್ತು ಆಗಿರ್ಲಿಲ್ಲ, ಹಾಲಿನ ಬಾಟ್ಲಿ, ಪುಸ್ತಕ, ಬಟ್ಟೆ ಎಲ್ಲಾ ತುಂಬ್ಕೊಂಡು ಬಾಯಿ ತೆರೆದೇ ಓಡಾಡೋ ಚೀಲ. ಈಗ ಅದೇ ಚೀಲಾನ ಕೆಲವರು ಗಾಜಿನ ಕಪಾಟಲ್ಲಿಟ್ಟು, ಕೊಂಡಿ ಮೇಲಿನ ಪ್ಲಾಸ್ಟಿಕ್ ಕೂಡ ಕೀಳದೆ ಇಟ್ಟಿದಾರೆ ಅಂದ್ರೆ ಮಧ್ಯದಲ್ಲಿ ಏನೋ ಆಗಿದೆ ಅಂತ ಅರ್ಥ.

ಏನಾಯ್ತು ಅಂತ ನೋಡೋಕೆ ಮತ್ತೆ ವರ್ಕ್‌ಶಾಪಿಗೆ ಹೋಗ್ಬೇಕು. ಒಂದು ಬ್ಯಾಗನ್ನ ಶುರುವಿಂದ ಕೊನೆವರೆಗೆ ಒಬ್ಬರೇ ಜೋಡಿಸೋದು ಇಲ್ಲಿನ ಕ್ರಮ. ಕತ್ತರಿಸಿಕೊಟ್ಟ ಲೆದರ್ ತುಂಡು, ಬೀಗ, ಕೊಂಡಿ ಎಲ್ಲಾ ಒಬ್ಬರ ಟೇಬಲ್ಲಿಗೆ ಬರತ್ತೆ, ಅವರೇ ಹೊಲೀಬೇಕು, ಅಂಚು ಉಜ್ಜಬೇಕು, ಬಣ್ಣ ಕಟ್ಟಬೇಕು, ಮತ್ತೆ ಉಜ್ಜಿ ಮೇಣ ಹಾಕಿ ನುಣುಪು ಮಾಡ್ಬೇಕು, ಎರಡು ಮೂರು ಪದರ ಲೆದರ್ ಸೇರಿದ್ದು ಒಂದೇ ತುಂಡು ಅನ್ನೋ ಹಾಗೆ ಕಾಣೋವರೆಗೂ. ಲೋಹದ ಪಟ್ಟಿ ಕೂರಿಸೋದಕ್ಕೆ ಇವರು ಸ್ಕ್ರೂ ಹಾಕಲ್ಲ, ಸಣ್ಣ ಮೊಳೆ ತೂರಿಸಿ ಅದರ ತುದೀನ ಪುಟ್ಟ ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿ ತಟ್ಟಿ ಮುತ್ತಿನ ಹಾಗೆ ಗುಂಡಗೆ ಮಾಡ್ತಾರೆ, ಅದಕ್ಕೆ ಪರ್ಲಾಜ್ ಅಂತಾನೇ ಹೆಸರು. ಒಂದು ಬರ್ಕಿನ್ನಿಗೆ ಹದಿನೈದು ಇಪ್ಪತ್ತು ಗಂಟೆ ಹಿಡಿಯತ್ತೆ, ಮೊಸಳೆ ಚರ್ಮ ಆದ್ರೆ ಇನ್ನೂ ಜಾಸ್ತಿ. ಒಳಗೆಲ್ಲೋ ಮಾಡಿದೋರ ಗುರುತಿನ ಮುದ್ರೆ ಒತ್ತಿರ್ತಾರೆ. ಹೊಸಬರನ್ನ ತಯಾರು ಮಾಡೋಕೆ 2021ರಲ್ಲಿ ಕಂಪನಿ ತನ್ನದೇ ಸ್ಕೂಲ್ ತೆರೀತು, ಫ್ರಾನ್ಸ್ ಸರ್ಕಾರ ಮಾನ್ಯ ಮಾಡಿರೋ ಡಿಪ್ಲೊಮಾನೂ ಅಲ್ಲೇ ಸಿಗತ್ತೆ. ಇತ್ತೀಚೆಗೆ ಲೂವಿಯೆ, ರಿಯೋಂ, ಲೀಲ್ ದೆಸ್ಪಾನ್ಯಾಕ್ ಥರದ ಊರುಗಳಲ್ಲಿ ಒಂದಾದ ಮೇಲೊಂದು ವರ್ಕ್‌ಶಾಪ್ ಆಗಿದೆ, ಒಂದೊಂದ್ರಲ್ಲೂ ಇನ್ನೂರೈವತ್ತರಿಂದ ಮುನ್ನೂರು ಜನ, ಅದಕ್ಕಿಂತ ದೊಡ್ಡದು ಮಾಡಲ್ಲ, ಜಾಸ್ತಿ ಜನ ಆದ್ರೆ ಒಬ್ಬರ ಕೈ ಇನ್ನೊಬ್ಬರಿಗೆ ಗೊತ್ತಿರಲ್ಲ ಅನ್ನೋ ಲೆಕ್ಕ. ಇಷ್ಟೆಲ್ಲಾ ಮಾಡಿದ್ರೂ ಲೆದರ್ ವಿಭಾಗದ ಉತ್ಪಾದನೆ ವರ್ಷಕ್ಕೆ ಶೇ 6ರಿಂದ 7ರಷ್ಟು ಹೆಚ್ಚಿಸೋದೇ ಇವರ ಗುರಿ. ಕೈ ಬೇಗ ಬೆಳೆಯಲ್ಲ. ಒಬ್ಬ ಕುಶಲಕರ್ಮಿ ಪಳಗೋಕೆ ವರ್ಷಗಳು ಬೇಕು, ಅದನ್ನ ದುಡ್ಡು ಸುರಿದು ಆರು ತಿಂಗಳಿಗೆ ಇಳಿಸೋಕಾಗಲ್ಲ.

ಇಲ್ಲೀವರೆಗೂ ನನಗೆ ಪೂರ್ತಿ ಗೌರವ ಇದೆ. ಬೇಡಿಕೆ ಜಾಸ್ತಿ, ಮಾಡೋ ಕೈ ಕಮ್ಮಿ, ಹಾಗಾಗಿ ಎಲ್ಲರಿಗೂ ಸಿಗಲ್ಲ, ಇದರಲ್ಲಿ ಮೋಸ ಏನೂ ಇಲ್ಲ. ತಕರಾರು ಇರೋದು ಈ ಕೊರತೇನ ಹಂಚೋ ರೀತೀಲಿ. ಬರ್ಕಿನ್, ಕೆಲಿ ಅಂಗಡೀಲಿ ಜೋಡಿಸಿಟ್ಟಿರಲ್ಲ, ವೆಬ್‌ಸೈಟಲ್ಲಿ ಆರ್ಡರ್ ಮಾಡೋಕೂ ಬರಲ್ಲ. ಸೇಲ್ಸ್‌ನವರ ಪರಿಚಯ ಆಗ್ಬೇಕು, ಸ್ಕಾರ್ಫ್, ಚಪ್ಪಲಿ, ಪಿಂಗಾಣಿ, ಆಭರಣ ಅಂತ ಬೇರೆ ಬೇರೆ ಕೊಳ್ತಾ ಇರ್ಬೇಕು, ಆಮೇಲೆ ಯಾವತ್ತೋ ಒಂದಿನ ಒಳಗಿನ ರೂಮಿಗೆ ಕರೆದು ಕಿತ್ತಳೆ ಡಬ್ಬ ತೆರೆದು ತೋರಿಸ್ತಾರೆ ಅನ್ನೋದು ಗಿರಾಕಿಗಳು ಪದೇ ಪದೇ ಹೇಳೋ ಅನುಭವ. ಯಾವ ಬಣ್ಣ, ಯಾವ ಸೈಜು ಅನ್ನೋದೂ ಹೆಚ್ಚಾಗಿ ಅವರು ಕೊಟ್ಟಿದ್ದೇ. ಎಷ್ಟು ಖರ್ಚು ಮಾಡಿದ್ರೆ ಸಿಗತ್ತೆ ಅಂತ ಎಲ್ಲೂ ಬರೆದಿಟ್ಟಿಲ್ಲ, ಅದೇ ಇದರ ಬಿಗಿ. ನಿಯಮ ಗೊತ್ತಿದ್ರೆ ಜನ ಲೆಕ್ಕ ಹಾಕಿ ಬೇಕು ಬೇಡ ಅಂತ ತೀರ್ಮಾನ ಮಾಡ್ತಾರೆ, ಗೊತ್ತಿಲ್ದೇ ಇದ್ದಾಗ ಇನ್ನೊಂದು ಸ್ಕಾರ್ಫ್ ತಗೊಂಡ್ರೆ ಆಗಬಹುದೇನೋ ಅಂತ ಆಸೆ ಎಳೀತಾನೇ ಇರತ್ತೆ. ಕೊನೆಗೆ ಸಿಕ್ಕಿದಾಗ ಅವರಿಗೆ ಸಿಗೋ ಖುಷೀಲಿ ಬ್ಯಾಗಿಗಿಂತ ನನ್ನನ್ನ ಆರಿಸಿದ್ರು ಅನ್ನೋದೇ ಜಾಸ್ತಿ ಇರತ್ತೆ. ಹದಿನೈದು ಗಂಟೆ ಕೂತು ಹೊಲಿದವರ ಕೆಲಸ ಆ ಹೊತ್ತಲ್ಲಿ ಎಲ್ಲೋ ಹಿಂದಕ್ಕೆ ಸರಿದುಹೋಗತ್ತೆ, ನನಗೆ ಬೇಜಾರಾಗೋದು ಅದಕ್ಕೇ.

ಇದು ಕೋರ್ಟಿಗೂ ಹೋಯ್ತು. 2024ರ ಮಾರ್ಚಲ್ಲಿ ಕ್ಯಾಲಿಫೋರ್ನಿಯಾದ ಗಿರಾಕಿಗಳು ಕೇಸು ಹಾಕಿದ್ರು, ಬರ್ಕಿನ್ ಬೇಕಂದ್ರೆ ಬೇರೆ ಸಾಮಾನು ಕೊಳ್ಳಲೇಬೇಕು ಅನ್ನೋ ಹಾಗೆ ಮಾಡಿರೋದು ಪೈಪೋಟಿ ಕಾನೂನಿಗೆ ವಿರುದ್ಧ ಅಂತ. ವಿಚಾರಣೆ ವೇಳೆ ಜಡ್ಜ್ ಹೇಳಿದ್ರು, ವರ್ಷಕ್ಕೆ ಐದೇ ಬ್ಯಾಗ್ ಮಾಡಿ ಒಂದೊಂದಕ್ಕೂ ಹತ್ತು ಲಕ್ಷ ಡಾಲರ್ ಇಡ್ತೀವಿ ಅಂದ್ರೂ ಅದು ಕಂಪನಿಗೆ ಬಿಟ್ಟ ವಿಚಾರ ಅನ್ನೋ ಅರ್ಥದಲ್ಲಿ, ಕೊನೆಗೆ 2025ರ ಸೆಪ್ಟೆಂಬರಲ್ಲಿ ಕೇಸು ವಜಾ ಆಯ್ತು. ಕಾನೂನಿನ ದೃಷ್ಟೀಲಿ ಸರಿ ಇರಬಹುದು, ಬ್ಯಾಗ್ ಅನ್ನೋದು ಅನ್ನ ನೀರಿನ ಥರ ಇಲ್ದೇ ಬದುಕೋಕಾಗದ ವಸ್ತು ಅಲ್ಲ. ಆದ್ರೆ ಕಾನೂನಿಗೆ ಸರಿ ಅನ್ನಿಸಿದ ಮಾತ್ರಕ್ಕೆ ಗಿರಾಕೀನ ನಡೆಸ್ಕೊಳ್ಳೋ ರೀತಿ ಚೆನ್ನಾಗಿದೆ ಅಂತ ಆಗ್ಲಿಲ್ಲ.

ಕಾಯಿಸೋದರ ಇನ್ನೊಂದು ಪರಿಣಾಮ ಸೆಕೆಂಡ್ ಹ್ಯಾಂಡ್ ಮಾರ್ಕೆಟ್. ಸಾಮಾನ್ಯವಾಗಿ ಬ್ಯಾಗ್ ಅಂಗಡಿ ಬಾಗಿಲು ದಾಟಿದ ಕೂಡಲೇ ಬೆಲೆ ಇಳಿಯತ್ತೆ, ಬರ್ಕಿನ್ನಿಗೆ ಎಷ್ಟೋ ಸಲ ಉಲ್ಟಾ. ಅಮೆರಿಕದಲ್ಲಿ ಸಾಧಾರಣ ಲೆದರ್ ಬರ್ಕಿನ್ನಿಗೆ ಅಂಗಡೀಲೇ ಹತ್ತು ಸಾವಿರ ಡಾಲರ್ ಮೇಲಿದೆ, ಹೊರಗೆ ಬಂದ್ರೆ ಅದರ ಒಂದೂವರೆ, ಎರಡು ಪಟ್ಟು ಕೇಳೋರಿದಾರೆ. ಬಿಳಿಯಿಂದ ಬೂದಿ ಬಣ್ಣಕ್ಕೆ ತಿರುಗೋ ಮೊಸಳೆ ಚರ್ಮದ ಹಿಮಾಲಯ ಬರ್ಕಿನ್ ಒಂದು 2017ರಲ್ಲಿ ಹಾಂಕಾಂಗ್ ಹರಾಜಲ್ಲಿ 3 ಲಕ್ಷ 70 ಸಾವಿರ ಡಾಲರ್ ದಾಟಿತ್ತು. ಹಾಗಾಗಿ ಬ್ಯಾಗನ್ನ ಹೂಡಿಕೆ ಅಂತ ಮಾತಾಡೋರು ಜಾಸ್ತಿ ಆಗಿದಾರೆ. ಅಂಗಡೀಲಿ ಸಿಗೋಷ್ಟು ಪರಿಚಯ ಇರೋರ ಕೈಗೆ ಮಾತ್ರ ಬರೋ ಲಾಭಾನ ಎಲ್ಲರಿಗೂ ಸಿಗೋ ಲಾಭ ಅಂತ ಹೇಳ್ಬಾರದು, ಸಾಲ ಮಾಡಿ ಹೊರಗೆ ಎರಡು ಪಟ್ಟು ಕೊಟ್ಟು ತಗೊಂಡೋರು ಬೆಲೆ ಜಾರಿದ್ರೆ ನೇರವಾಗಿ ಕೈ ಸುಟ್ಕೊಳ್ತಾರೆ.

ಇಷ್ಟು ನಿಧಾನ ಮಾಡೋಕೆ ಕಂಪನಿಗೆ ಸಾಧ್ಯ ಆಗಿರೋದು ಹೇಗೆ? ಮುಖ್ಯ ಕಾರಣ ಮನೆತನದ ಹಿಡಿತ. 1993ರಲ್ಲೇ ಷೇರು ಮಾರುಕಟ್ಟೆಗೆ ಬಂದಿದ್ರೂ ಹೆಚ್ಚಿನ ಪಾಲು ಮನೆಯವರ ಕೈಲೇ ಇತ್ತು. 2010ರ ಅಕ್ಟೋಬರಲ್ಲಿ ಬರ್ನಾರ್ಡ್ ಅರ್ನೋ ಅವರ ಎಲ್‌ವಿಎಂಎಚ್, ಲೂಯಿ ವಿಟಾನ್, ಡಿಯೋರ್ ಎಲ್ಲಾ ಇರೋ ಗುಂಪು, ತಾವು ಹರ್ಮೆಸ್‌ನ ಶೇ 17ರಷ್ಟು ಷೇರು ಸೇರಿಸಿಟ್ಕೊಂಡಿದೀವಿ ಅಂತ ಹೇಳಿದಾಗ ಮನೆಯವರಿಗೆ ಸಿಡಿಲು ಬಡಿದ ಹಾಗಾಯ್ತು. ಷೇರು ಒಳಗೊಳಗೇ ಕೂಡಿಹಾಕಿದ ರೀತಿಗೆ ಫ್ರಾನ್ಸಿನ ಮಾರುಕಟ್ಟೆ ನಿಯಂತ್ರಕರು 2013ರಲ್ಲಿ ಎಲ್‌ವಿಎಂಎಚ್‌ಗೆ 80 ಲಕ್ಷ ಯೂರೋ ದಂಡ ಹಾಕಿದ್ರು. ಅಷ್ಟರಲ್ಲಿ ಮನೆಯವರು ಒಗ್ಗಟ್ಟಾಗಿ ಅರ್ಧಕ್ಕಿಂತ ಹೆಚ್ಚು ಷೇರನ್ನ ಎಚ್51 ಅನ್ನೋ ಒಂದೇ ಕಂಪನೀಲಿ ಇಟ್ಟು ಬಾಗಿಲು ಭದ್ರ ಮಾಡ್ಕೊಂಡಿದ್ರು, 2014ರಲ್ಲಿ ರಾಜಿ ಆಯ್ತು. ಮನೆತನದ ಆರನೇ ತಲೆಮಾರಿನ ಆಕ್ಸೆಲ್ ದ್ಯುಮಾ 2013ರಿಂದ ಮುಖ್ಯಸ್ಥರು. 2024ರಲ್ಲಿ ಇವರ ವ್ಯಾಪಾರ 1,520 ಕೋಟಿ ಯೂರೋ, ಅದರಲ್ಲಿ ಶೇ 43ರಷ್ಟು ಲೆದರ್ ಮತ್ತು ಜೀನು ವಿಭಾಗದ್ದೇ, ಪ್ರತಿ ನೂರು ಯೂರೋದಲ್ಲಿ ನಲವತ್ತು ಯೂರೋ ಕಾರ್ಯಾಚರಣೆ ಲಾಭ. 2025ರ ಏಪ್ರಿಲ್ 15ರಂದು ಷೇರುಪೇಟೆ ಮೌಲ್ಯದಲ್ಲಿ ಹರ್ಮೆಸ್ಸು ಎಲ್‌ವಿಎಂಎಚ್ಚನ್ನೇ ದಾಟಿತು. ನುಂಗೋಕೆ ಬಂದವರನ್ನ ಹದಿನೈದು ವರ್ಷದೊಳಗೆ ದಾಟೋದು ಅಂದ್ರೆ ಸುಮ್ನೆ ಅಲ್ಲ.

ಅದೇ ಸಮಯಕ್ಕೆ ಲಕ್ಷುರಿ ಅನ್ನೋ ಮಾತಿನ ಮೇಲೇ ಜನರಿಗೆ ಅನುಮಾನ ಹುಟ್ಟಿದೆ, ಅದಕ್ಕೆ ಕಾರಣಾನೂ ಇದೆ. 2024ರ ಜೂನಲ್ಲಿ ಮಿಲಾನ್ ಕೋರ್ಟು ಡಿಯೋರ್‌ನ ಒಂದು ಇಟಲಿ ಘಟಕದ ಮೇಲೆ ಉಸ್ತುವಾರಿ ಹಾಕಿತು, ಸಬ್ ಕಾಂಟ್ರ್ಯಾಕ್ಟರ್‌ಗಳ ಹತ್ರ ಕೆಲಸಗಾರರ ಶೋಷಣೆ ನಡೀತಿದ್ದನ್ನ ತಡೆಯೋ ಕ್ರಮ ತಗೊಂಡಿಲ್ಲ ಅಂತ. 2,600 ಯೂರೋಗೆ ಮಾರೋ ಬ್ಯಾಗನ್ನ ಜೋಡಿಸಿಕೊಟ್ಟೋರಿಗೆ, ಲೆದರ್ ಖರ್ಚು ಬಿಟ್ಟು, ಸಿಗ್ತಿದ್ದಿದ್ದು 53 ಯೂರೋ ಅಂತ ಆಗ ಹೊರಬಂತು. 2025ರ ಆರಂಭದಲ್ಲಿ ಆ ಉಸ್ತುವಾರಿ ತೆಗೆದ್ರು, ಆದ್ರೆ 53 ಅನ್ನೋ ಸಂಖ್ಯೆ ಜನರ ಮನಸ್ಸಲ್ಲಿ ಕೂತುಬಿಡ್ತು. ಅದೇ ಏಪ್ರಿಲಲ್ಲಿ, ಅಮೆರಿಕ-ಚೀನಾ ಸುಂಕದ ಜಗಳದ ನಡುವೆ, ಬರ್ಕಿನ್ ನಮ್ಮ ಫ್ಯಾಕ್ಟರೀಲೇ ಆಗೋದು ಅಂತ ಹೇಳ್ಕೊಳ್ಳೋ ಟಿಕ್‌ಟಾಕ್ ವಿಡಿಯೋಗಳು ಬಂದ್ವು. ಡಿಯೋರ್ ಕೇಸ್ ಓದಿದ್ದೋರು ಇದನ್ನೂ ನಂಬಿಬಿಟ್ರು, ಆದ್ರೆ ಎರಡೂ ಒಂದೇ ಅಲ್ಲ, ಹರ್ಮೆಸ್ ಲೆದರ್ ಬ್ಯಾಗ್ ಆಗೋದು ಫ್ರಾನ್ಸಿನ ಅದರದೇ ವರ್ಕ್‌ಶಾಪುಗಳಲ್ಲಿ. ಅದಕ್ಕೂ ಮುಂಚೆ 2024ರ ಡಿಸೆಂಬರಲ್ಲಿ ವಾಲ್‌ಮಾರ್ಟ್ ಸೈಟಲ್ಲಿ ಬೇರೆ ಮಾರಾಟಗಾರರು ಇಟ್ಟಿದ್ದ ಎಂಬತ್ತು ಡಾಲರ್ ಆಸುಪಾಸಿನ ಬರ್ಕಿನ್ ಥರದ ಬ್ಯಾಗಿಗೆ ಜನ ಮುಗಿಬಿದ್ದಿದ್ರು. ದೂರದಿಂದ ನೋಡಿದ್ರೆ ಅದೂ ಹಾಗೇ ಕಾಣತ್ತೆ, ಹತ್ತಿರದಿಂದ ಹೊಲಿಗೆ ನೋಡಿದ್ರೆ ಮಾತ್ರ ಬೇರೆ.

ಮೊಸಳೆ ವಿಚಾರ ಬಿಟ್ಟು ಈ ಬರಹ ಮುಗಿಸಿದ್ರೆ ತಪ್ಪಾಗತ್ತೆ. 2015ರಲ್ಲಿ ಪ್ರಾಣಿದಯಾ ಸಂಸ್ಥೆ ಪೇಟಾ ಮೊಸಳೆ ಸಾಕಣೆ ಕೇಂದ್ರಗಳ ವಿಡಿಯೋ ಹೊರಗೆ ಹಾಕಿದಾಗ ಜೇನ್ ಬರ್ಕಿನ್ ಅವರೇ ಮೊಸಳೆ ಚರ್ಮದ ಬ್ಯಾಗಿಂದ ನನ್ನ ಹೆಸರು ತೆಗೀರಿ ಅಂದ್ರು, ಕಂಪನಿ ವಿಚಾರಣೆ ಮಾಡಿ ಕ್ರಮ ತಗೊಳ್ತೀವಿ ಅಂದ್ಮೇಲೆ ಸಮಾಧಾನ ಆದ್ರು. ನನಗೆ ಸಮಾಧಾನ ಆಗಿಲ್ಲ. ಹಸು ಕರುವಿನ ಚರ್ಮ ಬಹುತೇಕ ಮಾಂಸದ ಉದ್ಯಮದಲ್ಲಿ ಹೇಗಿದ್ರೂ ಉಳಿಯೋದು, ಮೊಸಳೇನ ಮಾತ್ರ ಮುಖ್ಯವಾಗಿ ಚರ್ಮಕ್ಕೋಸ್ಕರವೇ ಸಾಕಿ ಕೊಲ್ಲೋದು, ಆ ವ್ಯತ್ಯಾಸ ಎಷ್ಟು ಒಳ್ಳೆ ಹೊಲಿಗೆ ಹಾಕಿದ್ರೂ ಮುಚ್ಚಲ್ಲ.

ಹರಾಜಾದ ಆ ಮೊದಲ ಬ್ಯಾಗಿಗೆ ವಾಪಸ್ ಬರ್ತೀನಿ. ಅದು ಕರಿ ಬಣ್ಣದ ಸಾಧಾರಣ ಕರುವಿನ ಚರ್ಮದ್ದು, ಮುಚ್ಚಳದ ಮೇಲೆ ಜೆ.ಬಿ. ಅಂತ ಎರಡಕ್ಷರ. ಜೇನ್ ಬರ್ಕಿನ್ ಅದನ್ನ ಹತ್ತು ವರ್ಷದ ಹತ್ರ ದಿನಾ ಬಳಸಿ 1994ರಲ್ಲಿ ಏಡ್ಸ್ ಸಹಾಯಾರ್ಥ ಹರಾಜಿಗೆ ಕೊಟ್ಟುಬಿಟ್ಟಿದ್ರು. ತಾವು ಬೆಂಬಲಿಸ್ತಿದ್ದ ಯೂನಿಸೆಫ್ ಮತ್ತೆ ವೈದ್ಯರ ನೆರವು ಸಂಸ್ಥೆಯಾದ ಮೆಡೆಸೆನ್ ದ್ಯು ಮೊಂಡ್‌ಗಳ ಸ್ಟಿಕ್ಕರ್‌ಗಳನ್ನ ಲೆದರ್ ಮೇಲೇ ಅಂಟಿಸಿದ್ರು, ಅವನ್ನ ಕಿತ್ತ ಜಾಗದಲ್ಲಿ ಅಂಟಿನ ಗುರುತು ಇವತ್ತಿಗೂ ಇದೆ. ಆಕೆ ಉಗುರು ಉದ್ದ ಬಿಡ್ತಿರ್ಲಿಲ್ಲ, ಅದಕ್ಕೇ ಒಳಗೆ ಪಟ್ಟಿಗೆ ಒಂದು ನೇಲ್ ಕಟರ್ ನೇತುಹಾಕಿಕೊಂಡಿದ್ರು. ಮೂಲೆಗಳು ಸವೆದಿವೆ, ಮೈಮೇಲೆಲ್ಲಾ ಗೀರು, ಹೊಟ್ಟೆ ತುಂಬಾ ತುಂಬಿ ತುಂಬಿ ಆಕಾರ ಸ್ವಲ್ಪ ಜೋತಿದೆ. ಹೊಲಿಗೆ ಹಾಗೇ ಇದೆ.